ಹತ್ತು ಗಂಟೆ ಐದು ನಿಮಿಷ ಎಂದರೆ ಯಾವ ಹೊತ್ತು? ವಿಮಾನದ ಸ್ಲಾಟ್ ಸುತ್ತಲಿನ ತಪ್ಪು ತಿಳಿವಳಿಕೆಗಳು

ಬೆಂಗಳೂರಿನಿಂದ ಮುಂಬೈಗೋ ದೆಹಲಿಗೋ ಹೊರಟ ವಿಮಾನದ ಬಾಗಿಲು ಮುಚ್ಚಿ ಇಪ್ಪತ್ತು ನಿಮಿಷ ಕಳೆದರೂ ಚಕ್ರ ಉರುಳದಿದ್ದಾಗ ಧ್ವನಿವರ್ಧಕದಲ್ಲಿ ಕೇಳಿಬರುವ ಮಾತು ಬಹುತೇಕ ಒಂದೇ: 'ಎಟಿಸಿಯಿಂದ (ವಾಯು ಸಂಚಾರ ನಿಯಂತ್ರಣದಿಂದ) ನಮಗಿನ್ನೂ ಸ್ಲಾಟ್ ಸಿಕ್ಕಿಲ್ಲ.' ಈ ಮಾತು ಸುಳ್ಳಲ್ಲ. ಆದರೆ ಅದನ್ನು ಕೇಳಿದ ಪ್ರಯಾಣಿಕನ ಮನಸ್ಸಿನಲ್ಲಿ ಮೂಡುವ ಚಿತ್ರ ಬಹುಪಾಲು ತಪ್ಪು. ಕಿಟಕಿಯಾಚೆ ಕಾಣುವ ಗೋಪುರದಲ್ಲಿ ಕುಳಿತ ಅಧಿಕಾರಿಯೊಬ್ಬರು ಈ ವಿಮಾನವನ್ನು ತಡೆದು ಇನ್ನೊಂದನ್ನು ಬಿಡುತ್ತಿದ್ದಾರೆ, ಅವರು ಮನಸ್ಸು ಮಾಡಿದರೆ ಈಗಲೇ ಹೊರಡಬಹುದು ಎಂದು ಅವನು ಅಂದುಕೊಳ್ಳುತ್ತಾನೆ. ಸೋಜಿಗವೆಂದರೆ, ಇಷ್ಟು ಒರಟಾಗಿ ಅಲ್ಲದಿದ್ದರೂ ಇದೇ ಬಗೆಯ ಚಿತ್ರ ಕೆಲವೊಮ್ಮೆ ಕಾಕ್‌ಪಿಟ್‌ನ ಒಳಗೂ ಇರುತ್ತದೆ. ಗೋಪುರದಲ್ಲಿರುವವರಿಗೆ ಕಾಕ್‌ಪಿಟ್ ಕುರಿತು ಇರುವ ಚಿತ್ರವೂ ಅಷ್ಟೇ ಅರೆಬರೆ.

ಪೈಲಟ್ ಮತ್ತು ವಾಯು ಸಂಚಾರ ನಿಯಂತ್ರಕರ ನಡುವೆ ನಿರ್ಗಮನದ ಹೊತ್ತಿನ ಬಗ್ಗೆ ನಡೆಯುವ ಚಕಮಕಿಗಳನ್ನು ಸಾಮಾನ್ಯವಾಗಿ ಉಚ್ಚಾರಣೆಯ ದೋಷ, ರೇಡಿಯೊದ ಗದ್ದಲ, ಅಥವಾ ಇಬ್ಬರಲ್ಲೊಬ್ಬರ ಸಿಡುಕು ಎಂದು ವಿವರಿಸುವುದುಂಟು. ಅವು ಇಲ್ಲವೆಂದಲ್ಲ, ಆದರೆ ಬೇರು ಬೇರೆಡೆ ಇದೆ. ರೇಡಿಯೊದ ಎರಡು ತುದಿಗಳಲ್ಲಿ ಇರುವ ಇಬ್ಬರಲ್ಲಿ ಯಾರೂ ಆ ಹೊತ್ತನ್ನು ಗೊತ್ತುಮಾಡಿದವರಲ್ಲ. ಅದನ್ನು ಗೊತ್ತುಮಾಡಿದ್ದು ನೂರಾರು, ಕೆಲವೊಮ್ಮೆ ಸಾವಿರಾರು ಕಿಲೋಮೀಟರ್ ದೂರದ ಮೂರನೆಯ ಕಚೇರಿ. ಆ ಒಂದೇ ಅಂಕಿಯನ್ನು ಪೈಲಟ್ ಬಾಗಿಲಿನಿಂದ ಮುಂದಕ್ಕೆ ಎಣಿಸುತ್ತಾನೆ, ನಿಯಂತ್ರಕರು ರನ್‌ವೇಯಿಂದ ಹಿಂದಕ್ಕೆ ಎಣಿಸುತ್ತಾರೆ. ಎರಡು ಎಣಿಕೆಗಳು ಎಲ್ಲಿ ಸಂಧಿಸಬೇಕು ಎಂಬುದು ಇಬ್ಬರಿಗೂ ಒಂದೇ ರೀತಿಯಲ್ಲಿ ಗೊತ್ತಿರುವುದಿಲ್ಲ.

ಗೊಂದಲದ ಮೊದಲ ಪಾಲು 'ಸ್ಲಾಟ್' ಎಂಬ ಪದಕ್ಕೇ ಸೇರಬೇಕು. ವಿಮಾನಯಾನದಲ್ಲಿ ಈ ಒಂದು ಪದ ಕನಿಷ್ಠ ಮೂರು ಬೇರೆ ಸಂಗತಿಗಳಿಗೆ ಬಳಕೆಯಲ್ಲಿದೆ. ಬೇಸಿಗೆ ಮತ್ತು ಚಳಿಗಾಲದ ವೇಳಾಪಟ್ಟಿಗೆ ಮುನ್ನ ದಟ್ಟಣೆಯ ನಿಲ್ದಾಣಗಳಲ್ಲಿ ವಿಮಾನಯಾನ ಕಂಪನಿಗಳಿಗೆ ಹಂಚುವ ಹೊತ್ತು ಒಂದು ಸ್ಲಾಟ್. ಕನಿಷ್ಠ 80 ಶೇಕಡಾ ಬಳಸದಿದ್ದರೆ ಮುಂದಿನ ವರ್ಷ ಅದರ ಮೇಲಿನ ಹಕ್ಕು ಹೋಗುತ್ತದೆ ಎಂಬ ನಿಯಮವಿರುವುದು ಇದಕ್ಕೆ. ಅದು ವ್ಯಾಪಾರದ ಮಾತು, ಅದಕ್ಕೂ ಇಂದಿನ ಹವಾಮಾನಕ್ಕೂ ಸಂಬಂಧವಿಲ್ಲ. ಎರಡನೆಯದು ಇಂದು, ಈ ಹಾರಾಟಕ್ಕೆ ಮಾತ್ರ ಅನ್ವಯಿಸುವ, ದಟ್ಟಣೆ ಲೆಕ್ಕ ಹಾಕಿ ಕೇಂದ್ರವೊಂದು ನಿಗದಿ ಮಾಡುವ ಟೇಕ್‌ಆಫ್ ಹೊತ್ತು. ಕಸುಬಿನ ಭಾಷೆಯಲ್ಲಿ ಇದನ್ನು ಸಿಟಿಒಟಿ ಎನ್ನುತ್ತಾರೆ, ಅಂದರೆ ಲೆಕ್ಕ ಹಾಕಿದ ಟೇಕ್‌ಆಫ್ ಸಮಯ. ಮೂರನೆಯದು ದೊಡ್ಡ ನಿಲ್ದಾಣಗಳಲ್ಲಿ ಇಂಜಿನ್ ಚಾಲೂ ಮಾಡಲು ಸ್ಥಳೀಯವಾಗಿ ಸಿಗುವ ಸರದಿ. ಅದರ ಹೆಸರು ಟಿಎಸ್‌ಎಟಿ. ಪ್ರಯಾಣಿಕರಿಗೆ ಹೇಳುವಾಗ ಈ ಮೂರೂ 'ಎಟಿಸಿ ಸ್ಲಾಟ್' ಆಗಿಬಿಡುತ್ತವೆ. ಅದನ್ನು ಕ್ಷಮಿಸಬಹುದು. ಆದರೆ 'ನಮ್ಮ ಸ್ಲಾಟ್ ಎಷ್ಟು?' ಎಂದು ಪೈಲಟ್ ಕೇಳಿದಾಗ ಅವನು ಎರಡನೆಯದನ್ನು ಕೇಳುತ್ತಿದ್ದು, ನಿಯಂತ್ರಕರು ಮೂರನೆಯದನ್ನು ಹೇಳಿದರೆ, ಇಬ್ಬರೂ ಸರಿಯಾದ ಮಾತನ್ನೇ ಆಡಿ ತಪ್ಪು ತೀರ್ಮಾನಕ್ಕೆ ಬಂದಂತಾಗುತ್ತದೆ.

ಇಷ್ಟೆಲ್ಲ ಲೆಕ್ಕ ಯಾಕೆ ಬೇಕು ಎಂಬುದಕ್ಕೆ ಉತ್ತರ ಆಕಾಶದಲ್ಲಿದೆ. ನೆಲದ ಮೇಲೆ ಇಂಜಿನ್ ಆರಿಸಿ ಕಾಯುವ ವಿಮಾನ ಹೆಚ್ಚು ಇಂಧನ ಸುಡುವುದಿಲ್ಲ. ಮುಂಬೈ ಮೇಲೆ ಸುತ್ತು ಹೊಡೆಯುತ್ತ ಕಾಯುವ ವಿಮಾನ ಸುಡುತ್ತದೆ. 2024ರ ಫೆಬ್ರುವರಿಯಲ್ಲಿ ಮುಂಬೈ ನಿಲ್ದಾಣದ ಹಾರಾಟಗಳನ್ನು ಕಡಿತಗೊಳಿಸಿದಾಗ ಕೇಂದ್ರ ನಾಗರಿಕ ವಿಮಾನಯಾನ ಸಚಿವಾಲಯ ಕೊಟ್ಟ ಕಾರಣವೂ ಇದೇ: ಅಲ್ಲಿ ವಿಮಾನಗಳು 40ರಿಂದ 60 ನಿಮಿಷ ಗಾಳಿಯಲ್ಲಿ ಕಾಯುತ್ತಿದ್ದವು, ಮತ್ತು ವಿಮಾನವೊಂದು ಗಂಟೆಗೆ ಸರಾಸರಿ 2,000 ಕಿಲೋ ಇಂಧನ ಕುಡಿಯುತ್ತದೆ. ಒಂದನ್ನೊಂದು ಕತ್ತರಿಸುವ ಎರಡು ರನ್‌ವೇಗಳಿರುವ ಮುಂಬೈಯಲ್ಲಿ ಒಮ್ಮೆಗೆ ಒಂದನ್ನೇ ಬಳಸಬೇಕು. ದಟ್ಟಣೆಯ ಗಂಟೆಗಳಲ್ಲಿ 46 ಇದ್ದ ಏರಿಳಿತವನ್ನು ಆಗ 44ಕ್ಕೆ ಇಳಿಸಲಾಯಿತು. ಗಂಟೆಗೆ 44 ಎಂದರೆ ಸುಮಾರು 82 ಸೆಕೆಂಡಿಗೆ ಒಂದು ವಿಮಾನ, ಅದರಲ್ಲಿ ಅರ್ಧ ಇಳಿಯುವವು. ಹಾಗಾಗಿ ಇಳಿಯಲು ಬರುವ ಪ್ರತಿ ವಿಮಾನಕ್ಕೆ ಸಿಗುವುದು ಎರಡೂಮುಕ್ಕಾಲು ನಿಮಿಷದ ಒಂದು ಸಂದು. ಬೆಂಗಳೂರಿನ ವಿಮಾನ ಎಂಟು ನಿಮಿಷ ತಡವಾಗಿ ಎದ್ದರೆ ಅದಕ್ಕೆಂದು ಇಟ್ಟ ಸಂದು ಖಾಲಿಯಾಗಿ ಕಳೆದುಹೋಗುತ್ತದೆ ಮತ್ತು ಅದು ಬೇರೆ ಯಾರದ್ದೋ ಸಂದಿಗೆ ನುಗ್ಗುತ್ತದೆ.

ಗಾಳಿಯಲ್ಲಿ ಕಾಯಿಸುವುದು ದುಂದುವೆಚ್ಚ ಮಾತ್ರವಲ್ಲ, ಅಪಾಯವೂ ಹೌದು ಎಂಬುದಕ್ಕೆ 1990ರ ಜನವರಿ 25ರ ರಾತ್ರಿ ನ್ಯೂಯಾರ್ಕ್ ಬಳಿ ನಡೆದ ಅವಿಯಾಂಕಾ 52ರ ದುರಂತ ಸಾಕ್ಷಿ. ಕೊಲಂಬಿಯಾದಿಂದ ಬಂದ ಆ ಬೋಯಿಂಗ್ 707 ವಿಮಾನವನ್ನು ಕೆಟ್ಟ ಹವಾಮಾನ ಮತ್ತು ದಟ್ಟಣೆಯ ಕಾರಣಕ್ಕೆ ಮೂರು ಬಾರಿ, ಒಟ್ಟು ಒಂದೂಕಾಲು ಗಂಟೆಗೂ ಹೆಚ್ಚು ಕಾಯಿಸಲಾಗಿತ್ತು. ಸಹ ಪೈಲಟ್ 'ಪ್ರಯಾರಿಟಿ' ಬೇಕೆಂದರೇ ಹೊರತು 'ಎಮರ್ಜೆನ್ಸಿ' ಎಂಬ ಪದವನ್ನು ನಿಯಂತ್ರಕರಿಗೆ ಹೇಳಲಿಲ್ಲ. ಇಂಧನ ಮುಗಿದು ವಿಮಾನ ಲಾಂಗ್ ಐಲೆಂಡ್‌ನ ಗುಡ್ಡಕ್ಕೆ ಅಪ್ಪಳಿಸಿತು. 158 ಮಂದಿಯಲ್ಲಿ 73 ಮಂದಿ ಸತ್ತರು. ತನಿಖೆ ಮಾಡಿದ ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ಪೈಲಟ್‌ಗಳ ಮಾತಿನ ಲೋಪದ ಜತೆಗೆ ಸಂಚಾರದ ಹರಿವನ್ನು ಸರಿಯಾಗಿ ನಿಭಾಯಿಸದ ಆಡಳಿತವನ್ನೂ ಕಾರಣಗಳ ಪಟ್ಟಿಯಲ್ಲಿ ಸೇರಿಸಿತು. ಹರಿವಿನ ಲೋಪವೂ ಮಾತಿನ ಲೋಪವೂ ಒಂದೇ ರಾತ್ರಿ ಕೂಡಿಬಂದ ಈ ಘಟನೆಯನ್ನು ಸ್ಲಾಟ್ ಬಗ್ಗೆ ಗೊಣಗುವ ಯಾರೂ ಮರೆಯಬಾರದು. ವಿಮಾನವನ್ನು ಹೊರಡುವ ಊರಿನಲ್ಲೇ ನಿಲ್ಲಿಸುವ ಏರ್ಪಾಡಿನ ಹಿಂದಿನ ತರ್ಕ ಅಲ್ಲಿದೆ.

ಈ ಏರ್ಪಾಡನ್ನು ಯುರೋಪಿನಲ್ಲಿ ಬ್ರಸೆಲ್ಸ್‌ನ ಯುರೋಕಂಟ್ರೋಲ್ ಕೇಂದ್ರ ನಡೆಸುತ್ತದೆ. ಬೇಸಿಗೆಯ ದಿನವೊಂದರಲ್ಲಿ 37,000ಕ್ಕೂ ಹೆಚ್ಚು ಹಾರಾಟಗಳನ್ನು ಕಂಡಿರುವ ಆ ಜಾಲದಲ್ಲಿ ಕೈಯಿಂದ ಹೊತ್ತು ಹಂಚಲಾಗದು; ಯಾವ ಆಕಾಶಖಂಡಕ್ಕೆ ಯಾವ ವಿಮಾನ ಎಷ್ಟು ಹೊತ್ತಿಗೆ ಬರುವುದೆಂದು ಮೊದಲೇ ತಿಳಿಸಲಾಗಿದೆಯೋ ಆ ಕ್ರಮದಲ್ಲೇ ಗಣಕ ಸರದಿ ಹಚ್ಚುತ್ತದೆ. ಅಮೆರಿಕದಲ್ಲಿ ಇದೇ ಕೆಲಸವನ್ನು ವರ್ಜೀನಿಯಾದ ವಾರೆಂಟನ್‌ನಲ್ಲಿರುವ ಕೇಂದ್ರ ಮಾಡುತ್ತದೆ. ಭಾರತದಲ್ಲಿ ಭಾರತೀಯ ವಿಮಾನ ನಿಲ್ದಾಣಗಳ ಪ್ರಾಧಿಕಾರದ ಕೇಂದ್ರ ದೆಹಲಿಯಲ್ಲಿದ್ದು, ಬೆಂಗಳೂರು ಸೇರಿದಂತೆ ದೊಡ್ಡ ನಿಲ್ದಾಣಗಳಲ್ಲಿ ಅದರೊಂದಿಗೆ ಮಾತಾಡುವ ಸ್ಥಳೀಯ ಘಟಕಗಳಿವೆ. ಕೆಂಪೇಗೌಡ ನಿಲ್ದಾಣದ ಗೋಪುರದಲ್ಲಿ ಕೂತ ನಿಯಂತ್ರಕರ ಪರದೆಯ ಮೇಲೆ ಸ್ಲಾಟ್ ಮೂಡುತ್ತದೆ. ಅದನ್ನು ಮೂಡಿಸಿದವರು ಅವರಲ್ಲ.

ಇನ್ನು ಎಣಿಕೆಯ ವಿಷಯಕ್ಕೆ ಬರೋಣ, ಏಕೆಂದರೆ ಜಗಳಗಳು ಹುಟ್ಟುವುದು ಬಹುಪಾಲು ಇಲ್ಲೇ. ಸಿಟಿಒಟಿ ಎಂಬುದು ಚಕ್ರ ನೆಲ ಬಿಡುವ ಹೊತ್ತು. ಬಾಗಿಲು ಮುಚ್ಚುವ ಹೊತ್ತಲ್ಲ, ಪುಶ್‌ಬ್ಯಾಕ್‌ನ, ಅಂದರೆ ವಿಮಾನವನ್ನು ನಿಲುಗಡೆಯಿಂದ ಹಿಂದಕ್ಕೆ ತಳ್ಳುವ ಹೊತ್ತಲ್ಲ, ರನ್‌ವೇ ಅಂಚಿಗೆ ಬಂದು ನಿಲ್ಲುವ ಹೊತ್ತೂ ಅಲ್ಲ. ನಮ್ಮ ಮದುವೆಯ ಕರೆಯೋಲೆಗಳಲ್ಲಿ ಮುಹೂರ್ತವೆಂದು ಅಚ್ಚು ಹಾಕಿಸುವುದು ಮಾಂಗಲ್ಯಧಾರಣೆಯ ಹೊತ್ತನ್ನೇ ಹೊರತು ವರನ ಕಡೆಯವರು ಛತ್ರದ ಬಾಗಿಲಿಗೆ ಬರುವ ಹೊತ್ತನ್ನಲ್ಲ. ಇದೂ ಹಾಗೆಯೇ. ಕರೆಯೋಲೆಯಲ್ಲಿ 'ಇಷ್ಟರಿಂದ ಇಷ್ಟರೊಳಗೆ ಸಲ್ಲುವ ಶುಭಲಗ್ನ' ಎಂದು ಅವಕಾಶ ಕೊಟ್ಟಿರುವಂತೆ ಸಿಟಿಒಟಿಗೂ ಒಂದು ಅವಕಾಶವಿದೆ: ಯುರೋಪಿನಲ್ಲಿ ಗೊತ್ತಾದ ಹೊತ್ತಿಗೆ ಐದು ನಿಮಿಷ ಮುಂಚಿನಿಂದ ಹತ್ತು ನಿಮಿಷ ನಂತರದವರೆಗೆ, ಏಷ್ಯಾದಲ್ಲೂ ಬಹುಮಟ್ಟಿಗೆ ಇದೇ, ಅಮೆರಿಕದಲ್ಲಿ ಹಿಂದೆ ಮುಂದೆ ಐದೈದು ನಿಮಿಷ. ಆ ಹದಿನೈದು ನಿಮಿಷ ಯಾರಿಗೆ ಸೇರಿದ್ದು ಎಂಬ ಪ್ರಶ್ನೆಯೇ ಈ ಇಡೀ ಗೊಂದಲದ ಹೃದಯ. ಯುರೋಪಿನ ಕೈಪಿಡಿ ಇದಕ್ಕೆ ಸ್ಪಷ್ಟ ಉತ್ತರ ಕೊಡುತ್ತದೆ: ಅದು ರನ್‌ವೇ ಬಳಿ ವಿಮಾನಗಳ ಸಾಲನ್ನು ಜೋಡಿಸಿಕೊಳ್ಳಲು ನಿಯಂತ್ರಕರಿಗೆ ಕೊಟ್ಟ ಸಡಿಲಿಕೆ, ಕಂಪನಿಯಾಗಲಿ ಪೈಲಟ್ ಆಗಲಿ ತಮ್ಮ ತಡವನ್ನು ತುಂಬಿಕೊಳ್ಳಲು ಬಳಸತಕ್ಕದ್ದಲ್ಲ, ಅವರು ಸರಿಯಾಗಿ ಸಿಟಿಒಟಿಗೇ ಹೊರಡುವಂತೆ ಯೋಜಿಸಬೇಕು. ಲಗ್ನದ ಅವಕಾಶ ಪುರೋಹಿತರಿಗೆ ಇರುವುದು, ದಿಬ್ಬಣದವರಿಗಲ್ಲ.

ಅಭ್ಯಾಸದಲ್ಲಿ ಹೀಗೆ ನಡೆಯುವುದಿಲ್ಲ. ಬೆಂಗಳೂರಿನಿಂದ ಮುಂಬೈಗೆ ಹೊರಡುವ ವಿಮಾನವೊಂದಕ್ಕೆ ಬೆಳಗ್ಗೆ 10:05ರ ಸಿಟಿಒಟಿ ಬಂದಿದೆ ಎಂದಿಟ್ಟುಕೊಳ್ಳಿ. ಪುಶ್‌ಬ್ಯಾಕ್ ಮತ್ತು ಟ್ಯಾಕ್ಸಿಗೆ (ರನ್‌ವೇವರೆಗೆ ನೆಲದ ಮೇಲೆ ಉರುಳುವುದಕ್ಕೆ) ಗಣಕ ಇಪ್ಪತ್ತು ನಿಮಿಷ ಹಿಡಿದಿದೆ, ಅಂದರೆ 9:45ಕ್ಕೆ ನಿಲುಗಡೆಯ ಜಾಗವಾದ ಬೇ ಬಿಡಬೇಕು. ಕಡೆಯ ಇಬ್ಬರು ಪ್ರಯಾಣಿಕರ ಸಾಮಾನು ಇಳಿಸಬೇಕಾಗಿ ಬಂದು ಹೊರಡುವುದು 9:55 ಆಗುತ್ತದೆ. ಪೈಲಟ್‌ಗೆ ಆತಂಕವಿಲ್ಲ: ಕಡೆಯ ಗಡುವು 10:15, ಚುರುಕಾಗಿ ಹೋದರೆ ಟ್ಯಾಕ್ಸಿಗೆ ಹದಿನೈದು ನಿಮಿಷ ಸಾಕು, 10:10ಕ್ಕೆ ರನ್‌ವೇ ಅಂಚಿನಲ್ಲಿರುತ್ತೇನೆ, ಇನ್ನೂ ಐದು ನಿಮಿಷ ಉಳಿದಿರುತ್ತದೆ. ಅವನ ಲೆಕ್ಕದಲ್ಲಿ ರನ್‌ವೇ ಖಾಲಿ ಇದೆ. ನಿಯಂತ್ರಕರ ಕಣ್ಣ ಮುಂದೆ ಆ ಹೊತ್ತಿಗೆ ನಾಲ್ಕು ವಿಮಾನಗಳು ಸಾಲಾಗಿ ನಿಂತಿವೆ. ಒಂದೊಂದಕ್ಕೆ ಎರಡು ನಿಮಿಷವೆಂದರೂ ಈ ವಿಮಾನದ ಸರದಿ 10:18ಕ್ಕೆ. ಗಡುವು ಮೀರಿ ಮೂರು ನಿಮಿಷ. ಈಗ ನಿಯಂತ್ರಕರು ಈ ವಿಮಾನವನ್ನು ಸಾಲಿನಿಂದ ಹೊರಗೆಳೆದು ಮುಂದೆ ತರಬೇಕು, ಅದಾಗದಿದ್ದರೆ ಹೊಸ ಸ್ಲಾಟ್‌ಗೆ ಕೇಳಬೇಕು. ಹೊಸದು ಮುಕ್ಕಾಲು ಗಂಟೆ ಆಚೆಗೆ ಬಂದರೂ ಬಂತು. ಪೈಲಟ್ ಹೇಳುತ್ತಾನೆ: ನಾನು ಗಡುವಿನೊಳಗೆ ಬಂದು ನಿಂತಿದ್ದೆ, ನೀವು ಬಿಡಲಿಲ್ಲ. ನಿಯಂತ್ರಕರು ಹೇಳುತ್ತಾರೆ: ನನ್ನ ಹತ್ತು ನಿಮಿಷವನ್ನು ನೀನು ಬೇ ಹತ್ತಿರವೇ ಖರ್ಚು ಮಾಡಿ ಬಂದೆ. ಇಬ್ಬರ ಕೈಯಲ್ಲಿರುವ ಗಡಿಯಾರವೂ ಸರಿಯಾಗಿದೆ.

ನನ್ನ ಒಲವು ಇಲ್ಲಿ ನಿಯಂತ್ರಕರ ಕಡೆಗಿದೆ, ಆದರೆ ಒಂದು ಷರತ್ತಿನೊಂದಿಗೆ. ಸಾಲಿನಲ್ಲಿ ಎಷ್ಟು ವಿಮಾನಗಳಿವೆ ಎಂಬುದು ಬೇ ಬಳಿ ನಿಂತ ಪೈಲಟ್‌ಗೆ ಕಾಣುವುದಿಲ್ಲ. 'ಹೊರಡಬಹುದು, ಆದರೆ ನಿನ್ನ ಮುಂದೆ ನಾಲ್ವರಿದ್ದಾರೆ' ಎಂಬ ಐದು ಪದಗಳು 9:55ಕ್ಕೇ ರೇಡಿಯೊದಲ್ಲಿ ಬಂದಿದ್ದರೆ ಹೊಸ ಸ್ಲಾಟ್‌ನ ಕೋರಿಕೆ ಆಗಲೇ ಹೋಗಿರುತ್ತಿತ್ತು. ಬೆಳಗಿನ ದಟ್ಟಣೆಯಲ್ಲಿ ನೆಲದ ಮೇಲಿನ ವಿಮಾನಗಳೊಂದಿಗೆ ಮಾತಾಡುವ ಗ್ರೌಂಡ್ ಫ್ರೀಕ್ವೆನ್ಸಿಯಲ್ಲಿ ಐದು ಪದಗಳಿಗೆ ಜಾಗ ಸಿಗುವುದು ಕಷ್ಟ ಎಂಬುದನ್ನೂ ಒಪ್ಪಬೇಕು.

ಎರಡನೆಯ ತೊಡಕಿನ ಪದ 'ರೆಡಿ'. ಬಾಗಿಲು ಮುಚ್ಚಿತು, ಕಾಗದಪತ್ರ ಮುಗಿಯಿತು ಎಂಬಲ್ಲಿಗೆ ಪೈಲಟ್‌ನ ಮಟ್ಟಿಗೆ ವಿಮಾನ ರೆಡಿ. ಏರೋಬ್ರಿಡ್ಜ್ ಹಿಂದೆ ಸರಿದು, ಪುಶ್‌ಬ್ಯಾಕ್ ಟ್ರ್ಯಾಕ್ಟರ್ ಮೂತಿಗೆ ಕಚ್ಚಿಕೊಂಡು, ಅದರ ಚಾಲಕ ಕುಳಿತಿದ್ದರೆ ಮಾತ್ರ ನಿಯಂತ್ರಕರ ಮಟ್ಟಿಗೆ ಅದು ರೆಡಿ. ಈ ಅಂತರ ಐದಾರು ನಿಮಿಷವಿರಬಹುದು, ಟ್ರ್ಯಾಕ್ಟರ್ ಬೇರೆ ಬೇಯಲ್ಲಿ ಸಿಕ್ಕಿಕೊಂಡಿದ್ದರೆ ಹದಿನೈದೂ ಆಗಬಹುದು. ಯುರೋಪಿನಲ್ಲಿ ಈ ಪದಕ್ಕೆ ಇನ್ನೂ ಒಂದು ತೂಕವಿದೆ. ತಡದ ಸ್ಲಾಟ್ ಬಂದಿರುವ ವಿಮಾನ ತಾನು ಬೇಗ ಹೊರಡಲು ಸಿದ್ಧವೆಂದು ಹೇಳಿದರೆ ಗೋಪುರ ಬ್ರಸೆಲ್ಸ್‌ಗೆ 'ಸಿದ್ಧ' ಸಂದೇಶ ಕಳಿಸಬಹುದು. ಯಾರೋ ಬಿಟ್ಟುಕೊಟ್ಟ ಸಂದು ಸಿಕ್ಕಿದರೆ ಗಣಕ ಸ್ಲಾಟನ್ನು ಮುಂಚಿತವಾಗಿಸುತ್ತದೆ. ಕೆಲವು ಪೈಲಟ್‌ಗಳು ಇದನ್ನು ಅರ್ಜಿ ಗುಜರಾಯಿಸಿದಂತೆ ಭಾವಿಸಿ, ಹೇಗೂ ಕೂಡಲೇ ಸಿಗುವುದಿಲ್ಲ, ಕೇಳಿಟ್ಟಿರೋಣ ಎಂದು ಇನ್ನೂ ಇಂಧನ ತುಂಬುತ್ತಿರುವಾಗಲೇ 'ಫುಲ್ಲಿ ರೆಡಿ' ಎನ್ನುತ್ತಾರೆ. ಗಣಕಕ್ಕೆ ಈ ವ್ಯವಹಾರಜ್ಞಾನವಿಲ್ಲ. ಅದು ಮಾತನ್ನು ನಂಬುತ್ತದೆ. ಹತ್ತೇ ನಿಮಿಷದಲ್ಲಿ ಏಳಬೇಕಾದ ಹೊಸ ಸ್ಲಾಟ್ ಬಂದು ಬೀಳುತ್ತದೆ, ವಿಮಾನ ಅದನ್ನು ತಪ್ಪಿಸಿಕೊಳ್ಳುತ್ತದೆ, ಮೊದಲಿದ್ದ ಸ್ಲಾಟ್ ಅಷ್ಟರಲ್ಲಿ ಬೇರೊಬ್ಬರ ಪಾಲಾಗಿರುತ್ತದೆ. ಆಮೇಲೆ ರೇಡಿಯೊದಲ್ಲಿ ಕೇಳಿಬರುವ ಪ್ರಶ್ನೆ, 'ನಮ್ಮ ಹಳೆಯ ಸ್ಲಾಟ್ ಏನಾಯಿತು?'

ಭಾರತದಂಥ ಕೆಲವೇ ದೇಶಗಳಲ್ಲಿ ಕಾಣುವ ಒಂದು ತೊಡಕಿದೆ, ಅದರ ಬಗ್ಗೆ ಯಾರೂ ಹೆಚ್ಚು ಮಾತಾಡುವುದಿಲ್ಲ. ವಿಮಾನಯಾನದ ಎಲ್ಲ ಹೊತ್ತುಗಳೂ ಯುಟಿಸಿಯಲ್ಲಿ, ಅಂದರೆ ಜಾಗತಿಕ ಪ್ರಮಾಣ ಸಮಯದಲ್ಲಿ ಇರುತ್ತವೆ. ನಮ್ಮ 10:05 ಎಂದರೆ ಅಲ್ಲಿ 04:35. ಅಂತರರಾಷ್ಟ್ರೀಯ ರೇಡಿಯೊ ನಿಯಮದ ಪ್ರಕಾರ ಗೊಂದಲಕ್ಕೆ ಎಡೆಯಿಲ್ಲದಿದ್ದರೆ ಹೊತ್ತು ಹೇಳುವಾಗ ಗಂಟೆಯನ್ನು ಬಿಟ್ಟು ನಿಮಿಷವನ್ನಷ್ಟೇ ಹೇಳಿದರೆ ಸಾಕು. ಹೀಗಾಗಿ '04:35' ಎಂಬುದು 'ಥ್ರೀ ಫೈವ್' ಆಗುತ್ತದೆ. ಲಂಡನ್ನಿನಲ್ಲಾಗಲಿ ದುಬೈಯಲ್ಲಾಗಲಿ ಇದರಿಂದ ಯಾವ ತೊಂದರೆಯೂ ಇಲ್ಲ, ಏಕೆಂದರೆ ಅಲ್ಲಿನ ಸ್ಥಳೀಯ ಸಮಯ ಯುಟಿಸಿಗಿಂತ ಇಡೀ ಗಂಟೆಗಳಷ್ಟು ಮಾತ್ರ ಬೇರೆ. ನಿಮಿಷದ ಮುಳ್ಳು ಎಲ್ಲರ ಗಡಿಯಾರದಲ್ಲೂ ಒಂದೇ ಕಡೆ ಇರುತ್ತದೆ. ನಮ್ಮದು ಐದೂವರೆ ಗಂಟೆಯ ವ್ಯತ್ಯಾಸ. ಇಲ್ಲಿ ನಿಮಿಷದ ಮುಳ್ಳೇ ಎದುರು ದಿಕ್ಕಿನಲ್ಲಿರುತ್ತದೆ. ಕಾಕ್‌ಪಿಟ್ ಮತ್ತು ಗೋಪುರ ಎರಡೂ ಯುಟಿಸಿಯಲ್ಲಿ ಯೋಚಿಸುವುದರಿಂದ ಅವರಿಬ್ಬರ ನಡುವೆ ತಪ್ಪಾಗುವುದು ಕಡಿಮೆ. ಆದರೆ ಪುಶ್‌ಬ್ಯಾಕ್ ಮಾಡುವವರು, ಸಾಮಾನು ತುಂಬುವವರು, ಬಸ್ಸಿನಲ್ಲಿ ಪ್ರಯಾಣಿಕರನ್ನು ತರುವವರು, ಗೇಟಿನಲ್ಲಿ ಘೋಷಣೆ ಮಾಡುವವರು ಎಲ್ಲರೂ ಬದುಕುವುದು ಕೈಗಡಿಯಾರದ ಸಮಯದಲ್ಲಿ. ಅವಸರದಲ್ಲಿ ಕಿಟಕಿಯಿಂದಲೋ ಇಂಟರ್‌ಕಾಮ್‌ನಿಂದಲೋ 'ಸ್ಲಾಟ್ ಮೂವತ್ತೈದಕ್ಕೆ' ಎಂದು ಹೇಳಿದರೆ ಕೆಳಗಿರುವವನು ಅದನ್ನು 10:35 ಎಂದು ತಿಳಿಯುವುದು ಸಹಜವೇ. ಪೈಲಟ್‌ಗೂ ನಿಯಂತ್ರಕರಿಗೂ ಆಗುವ ಜಗಳದ ಮೂಲ ಎಷ್ಟೋ ಬಾರಿ ಈ ಮೂರನೆಯ ಗಡಿಯಾರದಲ್ಲಿರುತ್ತದೆ. ಗಂಟೆ ಸಹಿತ ಹೇಳುವುದನ್ನು ಭಾರತದಲ್ಲಿ ಕಡ್ಡಾಯ ರೂಢಿಯಾಗಿಸಿದರೆ ಖರ್ಚಿಲ್ಲದೆ ಬಗೆಹರಿಯುವ ತೊಂದರೆ ಇದು.

ದೊಡ್ಡ ನಿಲ್ದಾಣಗಳಲ್ಲಿ ಈಚೆಗೆ ಬಂದಿರುವ ಸಹಯೋಗದ ವ್ಯವಸ್ಥೆ ಈ ಅಂತರಗಳನ್ನು ತಕ್ಕಮಟ್ಟಿಗೆ ಮುಚ್ಚಿದೆ. ವಿಮಾನ ಯಾವಾಗ ಸಿದ್ಧವಾಗುತ್ತದೆಂದು ಕಂಪನಿ ಅಥವಾ ಅದರ ನೆಲಸೇವೆಯವರು ಟಿಒಬಿಟಿ ಎಂಬ ಹೊತ್ತನ್ನು ಘೋಷಿಸುತ್ತಾರೆ, ಅದನ್ನೂ ಸಿಟಿಒಟಿಯನ್ನೂ ರನ್‌ವೇ ಸಾಲನ್ನೂ ನೋಡಿ ಗಣಕ ಟಿಎಸ್‌ಎಟಿ ಕೊಡುತ್ತದೆ. ಇಂಜಿನ್ ಉರಿಸಿಕೊಂಡು ಸಾಲಿನಲ್ಲಿ ನಿಲ್ಲುವ ಬದಲು ಬೇಯಲ್ಲೇ ಕಾಯುವುದು ಇದರ ಲಾಭ. ಹೊಸ ಅಪಾರ್ಥವೂ ಇಲ್ಲೇ ಹುಟ್ಟಿದೆ: ನೆಲಸೇವೆಯವರು ಟಿಒಬಿಟಿಯನ್ನು ಸಕಾಲಕ್ಕೆ ಬದಲಿಸದಿದ್ದರೆ ಟಿಎಸ್‌ಎಟಿ ಬಿದ್ದುಹೋಗುತ್ತದೆ, ಮತ್ತು ಪೈಲಟ್‌ಗೆ ಅದು ಗೊತ್ತಾಗುವುದು ನಿಯಂತ್ರಕರ ಬಾಯಿಂದ. ಸುದ್ದಿ ತಂದವರನ್ನೇ ದೂರುವ ಮನುಷ್ಯ ಸ್ವಭಾವ ಹಳೆಯದು.

ಗೋಪುರದೊಂದಿಗೆ ಚೌಕಾಶಿ ಮಾಡುವುದು ಎಷ್ಟು ವ್ಯರ್ಥ ಎಂಬುದಕ್ಕೆ ಬಾಬ್‌ಕ್ಯಾಟ್ ಎಂಬ ವ್ಯವಸ್ಥೆಗಿಂತ ಒಳ್ಳೆಯ ಉದಾಹರಣೆ ಸಿಗದು. ದಕ್ಷಿಣ ಮತ್ತು ಆಗ್ನೇಯ ಏಷ್ಯಾದಿಂದ ಯುರೋಪಿಗೆ ಹೋಗುವ ರಾತ್ರಿ ವಿಮಾನಗಳೆಲ್ಲ ಅಫ್ಘಾನಿಸ್ತಾನದ ಮೇಲಿನ ಕೆಲವೇ ದಾರಿಗಳಲ್ಲಿ, ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಹಾಯಬೇಕಾಗಿದ್ದ ಕಾಲದಲ್ಲಿ, 2007ರಿಂದ ಈ ದಾರಿಗಳ ಪ್ರವೇಶದ ಹೊತ್ತನ್ನೂ ಎತ್ತರವನ್ನೂ ಹಂಚುತ್ತಿದ್ದುದು ಥಾಯ್ಲೆಂಡಿನ ವಾಯು ಸಂಚಾರ ಸಂಸ್ಥೆ, ಬ್ಯಾಂಕಾಕಿನಿಂದ. ದೆಹಲಿಯ ರನ್‌ವೇ ಖಾಲಿ ಇದ್ದರೂ, ದೆಹಲಿಯ ಆಕಾಶ ತಿಳಿಯಾಗಿದ್ದರೂ, ಫ್ರಾಂಕ್‌ಫರ್ಟ್‌ಗೆ ಹೊರಟ ವಿಮಾನ ಮುಕ್ಕಾಲು ಗಂಟೆ ಕಾಯಬೇಕಾಗಬಹುದಿತ್ತು. ಕಾರಣ ಕಾಬೂಲ್ ಮೇಲೆ, ತೀರ್ಮಾನ ಬ್ಯಾಂಕಾಕಿನಲ್ಲಿ, ಬೈಗುಳ ಮಾತ್ರ ದೆಹಲಿಯ ನಿಯಂತ್ರಕರಿಗೆ. ಇಂಥ ಹೊತ್ತುಗಳನ್ನು ಬದಲಿಸಲು ಕೇಳಬೇಕಾದವರು ಕಂಪನಿಯ ಕಾರ್ಯಾಚರಣೆ ಕೇಂದ್ರದವರು, ಕೇಳಬೇಕಾದ್ದು ಹೊತ್ತು ಹಂಚಿದ ಕೇಂದ್ರವನ್ನು. ಯುರೋಪಿನ ನಿಗದಿತ ರೇಡಿಯೊ ವಾಕ್ಯಗಳಲ್ಲೂ ಇದೇ ಅಡಕವಾಗಿದೆ: ಅವಧಿ ಮೀರಿದರೆ ನಿಯಂತ್ರಕರು ಹೇಳುವುದು 'ಸ್ಲಾಟ್ ಮುಗಿದಿದೆ, ಇಂಜಿನ್ ಚಾಲೂ ಮಾಡಲು ಒಪ್ಪಿಗೆ ಇಲ್ಲ, ಹೊಸ ಸ್ಲಾಟ್ ಕೇಳಿ' ಎಂದು. 'ನನ್ನನ್ನು ಕೇಳಿ' ಎಂಬ ಮಾತು ಅದರಲ್ಲಿ ಇಲ್ಲ.

ಇಷ್ಟಾದರೂ ಪೈಲಟ್‌ಗಳ ದೂರನ್ನು ತಳ್ಳಿಹಾಕುವಂತಿಲ್ಲ. ಬ್ರಸೆಲ್ಸ್ ಕಳಿಸುವ ಸ್ಲಾಟ್ ಸಂದೇಶದಲ್ಲಿ ತಡಕ್ಕೆ ಕಾರಣವಾದ ನಿರ್ಬಂಧದ ಗುರುತೂ ಅದರ ಕಾರಣದ ಸಂಕೇತವೂ ಇರುತ್ತವೆ. ಅದು ಕಂಪನಿಯ ಕಚೇರಿಗೆ ತಲುಪುತ್ತದೆ. ಅಲ್ಲಿಂದ ಕಾಕ್‌ಪಿಟ್‌ಗೆ ಬರುವಷ್ಟರಲ್ಲಿ ಬರಿಯ ಅಂಕಿಯಾಗಿ ಸೊರಗಿರುತ್ತದೆ. ಮಂಜಿನಿಂದಲೋ, ಯಲಹಂಕದಲ್ಲಿ ಏರೋ ಇಂಡಿಯಾ ಪ್ರದರ್ಶನಕ್ಕಾಗಿ ಬೆಂಗಳೂರಿನ ಆಕಾಶವನ್ನು ಕೆಲವು ಗಂಟೆ ಮುಚ್ಚಿದ್ದರಿಂದಲೋ, ಗಣ್ಯರ ಸಂಚಾರದಿಂದಲೋ ತಡವಾಗುತ್ತಿದೆ ಎಂದು ಗೊತ್ತಿದ್ದ ಪೈಲಟ್ ಕಾಯುವ ರೀತಿಯೇ ಬೇರೆ, ಏನೂ ಗೊತ್ತಿಲ್ಲದವನು ಕಾಯುವ ರೀತಿಯೇ ಬೇರೆ. ಅವನ ಹಿಂದೆ 180 ಮಂದಿ ಪ್ರಶ್ನೆ ಕೇಳುತ್ತಿದ್ದಾರೆ. 2024ರ ಜನವರಿಯಲ್ಲಿ ದೆಹಲಿಯಲ್ಲಿ ಮಂಜಿನ ದಿನಗಳಲ್ಲಿ ಗಂಟೆಗಟ್ಟಲೆ ತಡವಾದ ಗೋವಾ ವಿಮಾನದಲ್ಲಿ ತಡದ ಘೋಷಣೆ ಮಾಡುತ್ತಿದ್ದ ಪೈಲಟ್ ಮೇಲೆ ಪ್ರಯಾಣಿಕನೊಬ್ಬ ಕೈಮಾಡಿದ ದೃಶ್ಯವನ್ನು ದೇಶವೆಲ್ಲ ನೋಡಿದೆ. ಇದರ ಜತೆಗೆ ಕರ್ತವ್ಯದ ಅವಧಿಯ ಮಿತಿ ಎಂಬ ಇನ್ನೊಂದು ಗಡಿಯಾರ ಅವನ ತಲೆಯಲ್ಲಿ ಓಡುತ್ತಿರುತ್ತದೆ. ಸ್ಲಾಟ್ ಇನ್ನರ್ಧ ಗಂಟೆ ಮುಂದಕ್ಕೆ ಹೋದರೆ ಈ ಸಿಬ್ಬಂದಿ ಈ ಹಾರಾಟ ಮಾಡಲೇ ಕಾನೂನು ಬಿಡದಿರಬಹುದು. ನಿಯಂತ್ರಕರಿಗೆ ಇದು ಕಾಣುವುದಿಲ್ಲ. ಅವರಿಗೆ ಕೇಳುವುದು ಪದೇಪದೇ 'ಸ್ಲಾಟ್ ಏನಾದರೂ ಸುಧಾರಿಸಿತೇ?' ಎನ್ನುವ ಒತ್ತಾಯದ ಧ್ವನಿ ಮಾತ್ರ.

ಅವಸರ ಮತ್ತು ಅಪಾರ್ಥ ಕೂಡಿದರೆ ಏನಾಗಬಹುದು ಎಂಬುದಕ್ಕೆ ವಿಮಾನಯಾನದ ಚರಿತ್ರೆಯ ಅತಿ ದೊಡ್ಡ ದುರಂತವೇ ಸಾಕ್ಷಿ. 1977ರ ಮಾರ್ಚ್ 27ರಂದು ಕ್ಯಾನರಿ ದ್ವೀಪಗಳ ಟೆನೆರಿಫೆಯಲ್ಲಿ ಮಂಜು ಕವಿದ ರನ್‌ವೇ ಮೇಲೆ ಕೆಎಲ್‌ಎಂ ಮತ್ತು ಪ್ಯಾನ್ ಆ್ಯಮ್ ಕಂಪನಿಗಳ ಎರಡು ಬೋಯಿಂಗ್ 747 ಡಿಕ್ಕಿ ಹೊಡೆದು 583 ಮಂದಿ ಸತ್ತರು. ಕೆಎಲ್‌ಎಂ ಸಿಬ್ಬಂದಿಗೆ ಕರ್ತವ್ಯದ ಅವಧಿ ಮುಗಿಯುತ್ತ ಬಂದ ಆತಂಕವಿತ್ತು. ಮೇಲೇರಿದ ನಂತರ ಹಿಡಿಯಬೇಕಾದ ದಾರಿಯ ಬಗ್ಗೆ ನಿಯಂತ್ರಕರು ಕೊಟ್ಟ ಒಪ್ಪಿಗೆಯನ್ನು ಅವರು ಮೇಲೇರುವುದಕ್ಕೇ ಒಪ್ಪಿಗೆ ಎಂಬಂತೆ ತೆಗೆದುಕೊಂಡರು. ಸಹ ಪೈಲಟ್ ಹೇಳಿದ 'ನಾವೀಗ ಟೇಕ್‌ಆಫ್‌ನಲ್ಲಿದ್ದೇವೆ' ಎಂಬ ಅರ್ಥದ ಮಾತು ನಿಯಂತ್ರಕರಿಗೆ 'ಟೇಕ್‌ಆಫ್‌ಗೆ ಕಾಯುತ್ತ ನಿಂತಿದ್ದೇವೆ' ಎಂದು ಕೇಳಿತು. 'ಕಾಯಿರಿ, ಕರೆಯುತ್ತೇನೆ' ಎಂಬ ಉತ್ತರ ಅದೇ ಗಳಿಗೆಯಲ್ಲಿ ಪ್ಯಾನ್ ಆ್ಯಮ್‌ನ ಮಾತಿನೊಂದಿಗೆ ಬೆರೆತು ಕೀಚಲು ಶಬ್ದವಾಯಿತು. ಆ ಬಳಿಕ 'ಟೇಕ್‌ಆಫ್' ಎಂಬ ಪದವನ್ನು ಮೇಲೇರಲು ನಿಜವಾಗಿ ಒಪ್ಪಿಗೆ ಕೊಡುವಾಗ ಅಥವಾ ಅದನ್ನು ಹಿಂತೆಗೆದುಕೊಳ್ಳುವಾಗ ಮಾತ್ರ ಉಚ್ಚರಿಸಬೇಕು, ಉಳಿದೆಲ್ಲ ಕಡೆ 'ಡಿಪಾರ್ಚರ್' ಎನ್ನಬೇಕು ಎಂಬ ನಿಯಮ ಜಗತ್ತಿನಾದ್ಯಂತ ಬಂತು. ಸ್ಲಾಟ್ ಬಂದಿದೆ ಎಂದರೆ ಒಪ್ಪಿಗೆ ಬಂದಿದೆ ಎಂದಲ್ಲ ಎಂಬುದನ್ನು ಯಾವ ಪೈಲಟ್ ಕೂಡ ಮರೆಯಬಾರದು: ಸ್ಲಾಟ್ ಒಂದು ಎಣಿಕೆ, ಕ್ಲಿಯರೆನ್ಸ್ ಒಂದು ಅಪ್ಪಣೆ.

ತಪ್ಪು ಯಾವಾಗಲೂ ಕಾಕ್‌ಪಿಟ್‌ನದ್ದೇ ಆಗಬೇಕಿಲ್ಲ. 2022ರ ಜನವರಿ 7ರ ಬೆಳಗ್ಗೆ ಬೆಂಗಳೂರಿನಲ್ಲಿ ಕೋಲ್ಕತ್ತಕ್ಕೂ ಭುವನೇಶ್ವರಕ್ಕೂ ಹೊರಟ ಎರಡು ವಿಮಾನಗಳು ಅಕ್ಕಪಕ್ಕದ ಎರಡು ರನ್‌ವೇಗಳಿಂದ ಹೆಚ್ಚುಕಡಿಮೆ ಒಟ್ಟಿಗೇ ಮೇಲೆದ್ದು ಒಂದರತ್ತ ಒಂದು ಸಾಗಿದವು. ಒಂದೇ ರನ್‌ವೇ ಬಳಸಲು ಆಗಿದ್ದ ತೀರ್ಮಾನ ಇನ್ನೊಂದು ರನ್‌ವೇಯ ನಿಯಂತ್ರಕರಿಗೆ ಸರಿಯಾಗಿ ತಲುಪಿರಲಿಲ್ಲ. ರೇಡಾರ್ ನಿಯಂತ್ರಕರು ಗಮನಿಸಿ ದಿಕ್ಕು ಬದಲಿಸಿದ್ದರಿಂದ ಅನಾಹುತ ತಪ್ಪಿತು. ಇಬ್ಬರೂ ಪೈಲಟ್‌ಗಳು ತಮಗೆ ಹೇಳಿದ್ದನ್ನೇ ಮಾಡಿದ್ದರು. ಮಾತು ತಪ್ಪಿದ್ದು ಗೋಪುರದೊಳಗೆ.

ಸಂದೇಶ ಸಾಗುವ ತಂತಿಯೇ ಕಡಿದರೆ ಏನಾಗುತ್ತದೆ ಎಂಬುದು 2025ರ ನವೆಂಬರ್ ಮೊದಲ ವಾರ ದೆಹಲಿಯಲ್ಲಿ ಕಂಡಿತು. ಹಾರಾಟದ ಯೋಜನೆಗಳನ್ನು ನಿಯಂತ್ರಕರ ಪರದೆಗೆ ತಾನಾಗಿ ತಲುಪಿಸುವ ಸಂದೇಶ ವ್ಯವಸ್ಥೆ ಕೆಟ್ಟು, ಎಲ್ಲವನ್ನೂ ಕೈಯಲ್ಲಿ ತುಂಬಬೇಕಾಗಿ ಬಂದು, ನೂರಾರು ವಿಮಾನಗಳು ತಡವಾದವು. ದೆಹಲಿಯಿಂದ ಬರಬೇಕಾದ ವಿಮಾನಗಳು ಬಾರದೆ ಬೇರೆ ಊರುಗಳ ವೇಳಾಪಟ್ಟಿಯೂ ಕುಸಿಯಿತು. ರನ್‌ವೇ, ರೇಡಾರ್, ಪೈಲಟ್, ನಿಯಂತ್ರಕರು ಎಲ್ಲ ಇದ್ದರು. ಇಲ್ಲದ್ದು ಹೊತ್ತಿನ ಲೆಕ್ಕವನ್ನು ಒಬ್ಬರಿಂದ ಒಬ್ಬರಿಗೆ ಒಯ್ಯುವ ಕೊಂಡಿ.

ಮುಂದಿನ ದಿನಗಳಲ್ಲಿ ಈ ಮಾತುಕತೆ ಸುಲಭವಾಗುವ ಲಕ್ಷಣವಿಲ್ಲ. 2025ರ ಅಕ್ಟೋಬರಿನಲ್ಲಿ ನವಿ ಮುಂಬೈ ನಿಲ್ದಾಣ ಉದ್ಘಾಟನೆಯಾಗಿದೆ. ರನ್‌ವೇ ಹೆಚ್ಚಿದೆ, ಆದರೆ ಎರಡೂ ನಿಲ್ದಾಣಗಳಿಗೆ ಏರಿಳಿಯುವ ವಿಮಾನಗಳು ಹಾಯಬೇಕಾದ್ದು ಒಂದೇ ನಗರದ ಮೇಲಿನ ಆಕಾಶವನ್ನು. ಇದುವರೆಗೆ ಮುಂಬೈ ಸ್ಲಾಟ್ ಎಂದರೆ ಒಂದು ರನ್‌ವೇಯ ಸಂದು ಎಂದು ಹೇಳಿದರೆ ಸಾಕಾಗುತ್ತಿತ್ತು; ಬೆಂಗಳೂರಿನ ಬೇಯಲ್ಲಿ ಕಾಯುವ ಪೈಲಟ್ ತನ್ನ ಫೋನಿನಲ್ಲಿ ಮುಂಬೈ ಹವಾಮಾನ ನೋಡಿ, ಅಲ್ಲಿ ಇಳಿಯುತ್ತಿರುವ ವಿಮಾನಗಳನ್ನು ಎಣಿಸಿ, ತಡಕ್ಕೆ ಕಾರಣವನ್ನು ತಾನೇ ಊಹಿಸಿಕೊಳ್ಳಬಹುದಿತ್ತು. ಇನ್ನು ಅವನು ಇಳಿಯಬೇಕಾದ ರನ್‌ವೇ ಖಾಲಿ ಇದ್ದಾಗಲೂ, ಬಾನು ತಿಳಿಯಾಗಿದ್ದಾಗಲೂ, ಪಕ್ಕದ ನಿಲ್ದಾಣದ ದಟ್ಟಣೆಯಿಂದಾಗಿ ಅವನಿಗೆ ತಡದ ಹೊತ್ತು ಬರಬಹುದು. ಅದನ್ನು ಅವನಿಗೆ ತಿಳಿಸಬೇಕಾದವರು ಮತ್ತದೇ ಕೆಂಪೇಗೌಡ ನಿಲ್ದಾಣದ ಗ್ರೌಂಡ್ ನಿಯಂತ್ರಕರು, ಮತ್ತು ಅವರ ಪರದೆಯ ಮೇಲೆ ಕಾಣುವುದೂ ನಾಲ್ಕು ಅಂಕಿಗಳೇ.